ಕೇಪಿನ ಕೋವಿಯ ಟ್ರಿಗರ್ ಭಾರ

ಕೇಪಿನ ಕೋವಿಯ ಟ್ರಿಗರ್ ಭಾರ ಎಂದರೆ ನಳಿಗೆಯ ಬಾಯಿಯಿಂದ ಮದ್ದು ಮತ್ತು ಗುಂಡನ್ನು ತುಂಬುವ ಸಾಂಪ್ರದಾಯಿಕ ಕೋವಿಯನ್ನು ಹಾರಿಸಲು ಬೆರಳು ಟ್ರಿಗರಿನ ಮೇಲೆ ಹಾಕಬೇಕಾದ ಬಲ. ಈ ಬಲ ಅತಿಯಾದಾಗ ಕೋವಿ ಕೈಯಲ್ಲಿ ಅಲುಗಿ ಗುರಿ ತಪ್ಪುತ್ತದೆ. ಅತಿ ಕಡಿಮೆಯಾದಾಗ ಕೋವಿ ಆಕಸ್ಮಿಕವಾಗಿ ಹಾರುವ ಅಪಾಯವಿರುತ್ತದೆ.

ಹಿನ್ನೆಲೆ

ಇಂದಿನ ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲೂಕುಗಳು ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ರಾಯಚೂರು ದೋಆಬ್ ಪ್ರದೇಶಕ್ಕೆ ಸೇರಿವೆ. ಈ ಪ್ರದೇಶಕ್ಕಾಗಿ ವಿಜಯನಗರದ ಅರಸರು ಬಹಮನಿ ಸುಲ್ತಾನರೊಡನೆ, ಅನಂತರ ಬಿಜಾಪುರದ ಆದಿಲಶಾಹಿಗಳೊಡನೆ ಹೋರಾಡಿದರು. ಲಿಂಗಸುಗೂರು ತಾಲೂಕಿನ ಮುದಗಲ್ಲು ಕೋಟೆ ಈ ಸಂಘರ್ಷದ ಮುಖ್ಯ ನೆಲೆಗಳಲ್ಲೊಂದು. 1520ರ ರಾಯಚೂರು ಮುತ್ತಿಗೆಯಲ್ಲಿ ಕ್ರಿಸ್ಟೋವಾವೊ ಡಿ ಫಿಗೆರೆಡೊನ ಪೋರ್ಚುಗೀಸ್ ಕೋವಿಗಾರರು ಕೃಷ್ಣದೇವರಾಯನ ಪರವಾಗಿ ಕೋಟೆಗೋಡೆಯ ಮೇಲಿದ್ದ ರಕ್ಷಕರತ್ತ ಗುಂಡು ಹಾರಿಸಿದರೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಆ ಕಾಲದ ಕೋವಿಗಳಲ್ಲಿ ಉರಿಯುವ ಬತ್ತಿಯು ಮದ್ದಿಗೆ ಕಿಡಿ ಮುಟ್ಟಿಸುತ್ತಿತ್ತು. ಮುಂದೆ ಚಕಮಕಿ ಕಲ್ಲಿನ ಕೋವಿಗಳೂ, 19ನೆಯ ಶತಮಾನದಲ್ಲಿ ಕೇಪಿನ ಕೋವಿಗಳೂ ಬಳಕೆಗೆ ಬಂದವು.

ರಚನೆ

ಕೋವಿಯ ಪಕ್ಕದಲ್ಲಿರುವ ಕುದುರೆಯನ್ನು ಹಿಂದಕ್ಕೆ ಎಳೆದಾಗ ಮುಖ್ಯ ಸ್ಪ್ರಿಂಗ್ ಬಿಗಿಯಾಗುತ್ತದೆ. ಕುದುರೆಯ ಅಚ್ಚಿಗೆ ಸೇರಿದ ಟಂಬ್ಲರ್ ಎಂಬ ಭಾಗದಲ್ಲಿ ಎರಡು ಕಚ್ಚುಗಳಿರುತ್ತವೆ. ಒಂದು ಅರ್ಧ ಎಳೆತದ ಸುರಕ್ಷತಾ ಕಚ್ಚು, ಇನ್ನೊಂದು ಪೂರ್ಣ ಎಳೆತದ ಕಚ್ಚು. ಸಿಯರ್ ಎಂಬ ಸಣ್ಣ ಸನ್ನೆಯ ಮೂಗು ಈ ಕಚ್ಚಿನಲ್ಲಿ ಕೂತು ಕುದುರೆಯನ್ನು ತಡೆದಿರುತ್ತದೆ. ಟ್ರಿಗರ್ ಎಳೆದಾಗ ಅದರ ಮೇಲ್ತುದಿ ಸಿಯರಿನ ಬಾಲವನ್ನು ಎತ್ತುತ್ತದೆ. ಆಗ ಮೂಗು ಕಚ್ಚಿನಿಂದ ಜಾರಿ, ಕುದುರೆ ಕೇಪಿನ ಮೇಲೆ ಬಡಿದು ಮದ್ದು ಹೊತ್ತಿಕೊಳ್ಳುತ್ತದೆ.

ಭಾರ ಹೆಚ್ಚಲು ಕಾರಣಗಳು

* ಸುಟ್ಟ ಮದ್ದಿನ ಮಸಿ, ಗಟ್ಟಿಯಾದ ಎಣ್ಣೆ ಮತ್ತು ತುಕ್ಕು.
* ಮಳೆಗಾಲದಲ್ಲಿ ಉಬ್ಬಿದ ಮರವು ಸಿಯರಿಗೆ ಅಥವಾ ಟ್ರಿಗರಿಗೆ ಒತ್ತುವುದು.
* ಯಂತ್ರಭಾಗದ ತಿರುಪುಗಳನ್ನು ಅತಿಯಾಗಿ ಬಿಗಿದಿರುವುದು.
* ಕಚ್ಚು ಮತ್ತು ಸಿಯರಿನ ಮೂಗು ಒರಟಾಗಿರುವುದು, ಅಥವಾ ಕಚ್ಚು ಅಗತ್ಯಕ್ಕಿಂತ ಆಳವಾಗಿರುವುದು.
* ಸಿಯರಿನ ಸ್ಪ್ರಿಂಗ್ ಅತಿ ಗಡುಸಾಗಿರುವುದು.
* ಟ್ರಿಗರಿನ ಅಚ್ಚುಮೊಳೆ ತಪ್ಪು ಸ್ಥಳದಲ್ಲಿರುವುದು.

ಕೊನೆಯ ಕಾರಣವನ್ನು ಸನ್ನೆಯ ನಿಯಮ ವಿವರಿಸುತ್ತದೆ. ಸಿಯರಿನ ಬಾಲವನ್ನು ಎತ್ತಲು 6 ಕಿಲೋ ಬಲ ಬೇಕೆಂದೂ, ಅಚ್ಚುಮೊಳೆಯಿಂದ ಬೆರಳು 24 ಮಿಲಿಮೀಟರ್ ದೂರದಲ್ಲಿದೆಯೆಂದೂ ಭಾವಿಸಬಹುದು. ಸಿಯರ್ ಅಚ್ಚುಮೊಳೆಯಿಂದ 12 ಮಿಲಿಮೀಟರ್ ದೂರದಲ್ಲಿದ್ದರೆ ಬೆರಳಿಗೆ 3 ಕಿಲೋ ಭಾರ ಬೀಳುತ್ತದೆ. ಆ ದೂರ 6 ಮಿಲಿಮೀಟರ್ ಆದರೆ 1.5 ಕಿಲೋ ಸಾಕಾಗುತ್ತದೆ. ಆದ್ದರಿಂದ ಸ್ಪ್ರಿಂಗನ್ನಾಗಲಿ ಕಚ್ಚನ್ನಾಗಲಿ ಮುಟ್ಟದೆ, ಅಚ್ಚುಮೊಳೆಯ ಸ್ಥಾನವನ್ನು ಬದಲಿಸಿದರೂ ಭಾರ ಅರ್ಧಕ್ಕೆ ಇಳಿಯಬಲ್ಲದು. ಆದರೆ ಆಗ ಟ್ರಿಗರ್ ಮೊದಲಿಗಿಂತ ಹೆಚ್ಚು ದೂರ ಚಲಿಸಬೇಕಾಗುತ್ತದೆ.

ಸರಿಪಡಿಸುವ ಕ್ರಮ

ಮೊದಲು ಕೋವಿ ಖಾಲಿಯಿದೆಯೆಂದು ಖಚಿತಪಡಿಸಿಕೊಳ್ಳಬೇಕು. ಕೇಪು ತೆಗೆದ ಮಾತ್ರಕ್ಕೆ ಕೋವಿ ಖಾಲಿಯಾಗುವುದಿಲ್ಲ. ತುಂಬುವ ಗಜವನ್ನು ನಳಿಗೆಯೊಳಗೆ ಇಳಿಸಿ, ಅದು ತಳ ಮುಟ್ಟುವುದನ್ನು ಹೊರಗಿನ ಅಳತೆಯೊಡನೆ ಹೋಲಿಸಿ ನೋಡಬೇಕು. ಅನಂತರ ತೂಗುಸ್ಪ್ರಿಂಗ್ ತಕ್ಕಡಿಯಿಂದ ಭಾರವನ್ನು ಹಲವು ಸಲ ಅಳೆದು ಸರಾಸರಿ ತೆಗೆಯಲಾಗುತ್ತದೆ. ಅಳೆಯುವಾಗ ಕುದುರೆಯು ನಿಪ್ಪಲಿಗೆ ಬಡಿದು ಕೆಡದಂತೆ ನಡುವೆ ತೊಗಲಿನ ತುಂಡನ್ನು ಇಡುವುದುಂಟು.

ಶುಚಿಗೊಳಿಸುವುದು, ಎಣ್ಣೆ ಹಾಕುವುದು ಮತ್ತು ಮರ ತಾಗುವ ಜಾಗವನ್ನು ಸರಿಪಡಿಸುವುದು ಮೊದಲ ಹಂತ. ಅನೇಕ ವೇಳೆ ಇಷ್ಟೇ ಸಾಕಾಗುತ್ತದೆ. ಮುಂದಿನ ಹಂತದಲ್ಲಿ ಕಚ್ಚಿನ ಮತ್ತು ಮೂಗಿನ ಮೇಲ್ಮೈಯನ್ನು, ಕೋನ ಬದಲಾಗದಂತೆ, ನಯವಾದ ಸಾಣೆಕಲ್ಲಿನಿಂದ ಹೊಳಪಿಸಲಾಗುತ್ತದೆ. ಈ ಭಾಗಗಳ ಹೊರಪದರ ಮಾತ್ರ ಗಡುಸಾಗಿದ್ದರೆ, ಹೆಚ್ಚು ಉಜ್ಜಿದಾಗ ಒಳಗಿನ ಮೆದು ಲೋಹ ಹೊರಬಂದು ಕಚ್ಚು ಬೇಗ ಸವೆಯುತ್ತದೆ. ಮುಖ್ಯ ಸ್ಪ್ರಿಂಗನ್ನು ಸಡಿಲಗೊಳಿಸುವುದು ಸರಿಯಾದ ಪರಿಹಾರವಲ್ಲ. ಕುದುರೆಯ ಹೊಡೆತ ದುರ್ಬಲವಾದರೆ ಕೇಪು ಸಿಡಿಯದೆ ಉಳಿಯಬಹುದು.

ಸುರಕ್ಷತೆ

ಬೇಟೆಯ ಕೋವಿಗೆ ಸಾಮಾನ್ಯವಾಗಿ 1.5ರಿಂದ 2.5 ಕಿಲೋ ಭಾರ ಸೂಕ್ತವೆಂದು ಪರಿಗಣಿಸಲಾಗುತ್ತದೆ. ಕೆಲಸ ಮುಗಿದ ಮೇಲೆ ಅರ್ಧ ಎಳೆತದಲ್ಲಿ ಟ್ರಿಗರನ್ನು ಬಲವಾಗಿ ಎಳೆದರೂ ಕುದುರೆ ಬೀಳಬಾರದು. ಪೂರ್ಣ ಎಳೆತದಲ್ಲಿ ಕೋವಿಯ ಹಿಡಿಯನ್ನು ತಟ್ಟಿದರೂ ಅದು ಜಾರಬಾರದು. ಈ ಪರೀಕ್ಷೆಗಳಲ್ಲಿ ಸೋತ ಕೋವಿಯನ್ನು ತುಂಬುವಂತಿಲ್ಲ.

ಕಾನೂನು

1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ವಿರೋಧಿಸಿ ಮುಧೋಳ ಸೀಮೆಯ ಹಲಗಲಿಯ ಬೇಡರು ದಂಗೆಯೆದ್ದರು. ಇಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೆಯ ಕಲಮಿನಂತೆ ಕೋವಿ ಹೊಂದಲು ಪರವಾನಗಿ ಬೇಕು. ಮಾರಾಟಕ್ಕಾಗಿ ಕೋವಿ ತಯಾರಿಸುವುದಕ್ಕಷ್ಟೇ ಅಲ್ಲದೆ, ದುರಸ್ತಿ ಮಾಡಿಕೊಡುವ ವೃತ್ತಿಗೂ 5ನೆಯ ಕಲಮಿನಡಿ ಪರವಾನಗಿ ಅಗತ್ಯ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೆಲವು ಬಗೆಯ ಕೋವಿಗಳಿಗೆ ಪರವಾನಗಿಯಿಂದ ವಿನಾಯಿತಿ ಇದೆ. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಈ ವಿನಾಯಿತಿಯನ್ನು ಎತ್ತಿಹಿಡಿಯಿತು. ಕೋವಿಗೆ ಪರವಾನಗಿ ಇದ್ದರೂ ಕಾಡುಪ್ರಾಣಿಗಳ ಬೇಟೆಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಿರ್ಬಂಧ ಅನ್ವಯಿಸುತ್ತದೆ.