ಮತ್ತೆ ಬಂದ ಟಿಬಿ: ತಪ್ಪು ಯಾರದು?

ಎಚ್‌ಐವಿ ಇದ್ದವರಿಗೆ ಟಿಬಿ ವಾಸಿಯಾಗಿ ಮತ್ತೆ ಬಂದರೆ ನಮ್ಮ ಮೊಹಲ್ಲಾದಲ್ಲಿ ಮೊದಲು ಏನಂತೀವಿ? "ಮಾತ್ರೆ ಸರಿಯಾಗಿ ನುಂಗಿಲ್ಲ, ಅಷ್ಟೇ." ಸ್ವಲ್ಪ ತಡೆಯಿರಿ.

ಟಿಬಿ ರೋಗಾಣು ಹೆಸರಿಗೆ ಒಂದೇ, ತಳಿಗಳು ಹಲವು. ಅದರ ಜೀನೋಮ್‌ನಲ್ಲಿ ಸುಮಾರು 44 ಲಕ್ಷ ಅಕ್ಷರಗಳಿವೆ ಎಂದು 1998ರಲ್ಲಿ ಗೊತ್ತಾಯಿತು. ಆ ಅಕ್ಷರಗಳ ಸಣ್ಣ ವ್ಯತ್ಯಾಸ ನೋಡಿ, ಬೆರಳಚ್ಚಿನ ಹಾಗೆ, ತಳಿ ಗುರುತಿಸುತ್ತಾರೆ. ದಕ್ಷಿಣ ಭಾರತದಲ್ಲಿ ಹೆಚ್ಚು ಕಾಣುವುದು ಒಂದನೇ ವಂಶದ ತಳಿಗಳು, ಉತ್ತರದಲ್ಲಿ ಮೂರನೇ ವಂಶದವು.

ಈಗ ಅಹಮದಾಬಾದ್, ವಡೋದರಾ, ಸೂರತ್ ನೆನೆಸಿಕೊಳ್ಳಿ. ದುಡಿಯಲು ಎಲ್ಲೆಲ್ಲಿಂದಲೋ ಜನ ಬರುವ ಊರುಗಳಿವು. ಸೂರತ್‌ನ ಪವರ್‌ಲೂಮ್‌ಗಳಿಗೆ ದೂರದ ಒಡಿಶಾದಿಂದಲೂ ಬರ್ತಾರೆ, ಗಾಳಿಯಾಡದ ಕೋಣೆಯಲ್ಲಿ ಒತ್ತೊತ್ತಾಗಿ ಮಲಗ್ತಾರೆ. ಊರೂರಿನ ಜನ ಸೇರುವಲ್ಲಿ ಊರೂರಿನ ತಳಿಗಳೂ ಸೇರಬಹುದು. ಎಚ್‌ಐವಿಯಿಂದ ರೋಗನಿರೋಧಕ ಶಕ್ತಿ ಕುಂದಿದ್ದರೆ, ಹೊಸದಾಗಿ ಹೊಕ್ಕ ತಳಿ ಬೇಗ ಕಾಯಿಲೆಯಾಗುತ್ತದೆ.

ಇದು ಬರೀ ಊಹೆಯಲ್ಲ. 2010ರಲ್ಲಿ ಪ್ರಕಟವಾದ ದಕ್ಷಿಣ ಭಾರತದ ಅಧ್ಯಯನವೊಂದು ಮೊದಲ ಸಲದ ತಳಿಯನ್ನೂ ಮರುಕಳಿಸಿದಾಗಿನ ತಳಿಯನ್ನೂ ಹೋಲಿಸಿತು. ಎಚ್‌ಐವಿ ಇಲ್ಲದವರಲ್ಲಿ ಬಹುತೇಕ ಹಳೆಯ ತಳಿಯೇ ಮತ್ತೆ ಎದ್ದಿತ್ತು. ಎಚ್‌ಐವಿ ಇದ್ದವರಲ್ಲಿ ಹೆಚ್ಚಾಗಿ ಸಿಕ್ಕಿದ್ದು ಬೇರೆಯದೇ ತಳಿ. ಅಂದರೆ ಮೊದಲ ರೋಗ ವಾಸಿಯಾಗಿತ್ತು; ಇನ್ನೊಬ್ಬರ ಕೆಮ್ಮಿನ ಗಾಳಿಯಲ್ಲಿ ಮತ್ತೊಂದು ಬಂತು.

ಹಾಗಾಗಿ ಎಚ್‌ಐವಿ ಇದ್ದವರಿಗೆ ಕೆಮ್ಮು, ಜ್ವರ ಬಂದರೆ ಎರಡು ವಾರ ಅಂತ ಕಾಯಬೇಡಿ. ಎಆರ್‌ಟಿ ಕೇಂದ್ರದಲ್ಲಿ ಹೇಳಿ, ಕಫ ಪರೀಕ್ಷೆ ಮಾಡಿಸಿ; ಸರ್ಕಾರಿ ಕೇಂದ್ರಗಳಲ್ಲಿ ಅದು ಉಚಿತ. ಮನೆಯ ಕಿಟಕಿ ತೆರೆದಿಡಿ. ದೂರುವ ಬಾಯಿಗೆ ಮಾತ್ರ ಸ್ವಲ್ಪ ಬಿಡುವು ಕೊಡಿ.