ಲಾಡಿ ಹಾಕಿ ಕಳಿಸಿದವಳು ಯಾರೋ!

ಸೋದರಿಯರೇ, "ಇದನ್ನು ಯಾರಿಗಾದರೂ ಕೊಟ್ಟರಾಯಿತು" ಎಂದು ಮಡಿಚಿಟ್ಟ ಹಳೆಯ ಸೀರೆ ನಿಮ್ಮ ಟ್ರಂಕಿನ ತಳದಲ್ಲಿ ಒಂದಾದರೂ ಇದ್ದೇ ಇರುತ್ತದೆ. ಹೌದಲ್ಲವೇ? ನನ್ನ ಹತ್ತಿರವೂ ಇತ್ತು. ಅದರ ಕತೆಯನ್ನೇ ಇವತ್ತು ನಿಮ್ಮ ಮುಂದೆ ಹೇಳಬೇಕೆಂದು ಕುಳಿತಿದ್ದೇನೆ. ಹೇಳಲು ಸ್ವಲ್ಪ ನಾಚಿಕೆಯೇ. ಆದರೂ ಹೇಳಿಬಿಟ್ಟರೆ ನನ್ನ ಮನಸ್ಸು ಹಗುರಾದೀತು, ನಿಮ್ಮಲ್ಲಿ ಒಬ್ಬಿಬ್ಬರಿಗೆ ಉಪಯೋಗವೂ ಆದೀತು.

ನಮ್ಮದು ಬೆಳಗಾವಿ ಜಿಲ್ಲೆಯ ರಾಮದುರ್ಗ. ಮಲಪ್ರಭಾ ಹೊಳೆಯ ದಂಡೆಯ ಊರು, ನೇಕಾರರ ಊರು. ನಮ್ಮ ಓಣಿಯಲ್ಲಿ ಬೆಳಗಾಯಿತು ಎನ್ನುವುದು ಮಗ್ಗದ ಸದ್ದಿನಿಂದಲೇ ಗೊತ್ತಾಗಬೇಕು. ನಮ್ಮನೆಯವರದು ಸಣ್ಣ ಕಿರಾಣಿ ಅಂಗಡಿ. ನಾನು ಹತ್ತನೇ ಇಯತ್ತೆ ಓದಿದವಳು. ಓಣಿಯ ಹತ್ತು ಹನ್ನೆರಡು ಹೆಣ್ಣುಮಕ್ಕಳು ಸೇರಿ ಒಂದು ಮಹಿಳಾ ಮಂಡಳ ಮಾಡಿಕೊಂಡಿದ್ದೇವೆ. ಮಂಡಳ ಎಂದರೆ ಬೋರ್ಡು, ರಸೀದಿ ಪುಸ್ತಕ ಏನೂ ಇಲ್ಲ. ಯಾರ ಮನೆಯಲ್ಲಾದರೂ ಮದುವೆ, ಸೀಮಂತ ಬಂದರೆ ಎಲ್ಲರೂ ಕೂಡಿ ರೊಟ್ಟಿ ಬಡಿಯುವುದು, ಯಾರಾದರೂ ಹಾಸಿಗೆ ಹಿಡಿದರೆ ಸರದಿಯ ಮೇಲೆ ಅನ್ನ ಸಾರು ಕೊಡುವುದು, ಇಷ್ಟೇ.

ಐದುನೂರು ರೊಟ್ಟಿಯ ಜಂಬ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಜರಿದದ್ದು ನಿಮಗೆ ನೆನಪಿರಬೇಕು. ಮಕ್ಕಂದೂರು, ಜೋಡುಪಾಲ ಎಂಬ ಹೆಸರುಗಳನ್ನು ನಾವು ಮೊದಲ ಸಲ ಕೇಳಿದ್ದೇ ಆಗ. ಮಳೆಯಲ್ಲಿ ಮಕ್ಕಳನ್ನು ಎತ್ತಿಕೊಂಡು ಬರುವ ತಾಯಂದಿರನ್ನು ಟೀವಿಯಲ್ಲಿ ನೋಡಿ ನಮ್ಮ ಓಣಿಯಲ್ಲಿ ಯಾರಿಗೂ ಊಟ ಸೇರಲಿಲ್ಲ.

"ಏನರ ಕಳಸೂಣು ಬರ್ರಿ" ಎಂದು ಮೊದಲು ಎದ್ದವರು ಹಿಟ್ಟಿನ ಗಿರಣಿಯ ಕಾಕಿ.

"ಅಕ್ಕಿ ರೊಟ್ಟಿ ತಿನ್ನೂ ಮಂದಿಗೆ ನಮ್ಮ ಜ್ವಾಳದ ರೊಟ್ಟಿ ಸೇರ್ತಾವೇನ್ರಿ ಕಾಕಿ?" ಎಂದೆ ನಾನು.

"ಹಸದ ಹೊಟ್ಟಿ ಅಕ್ಕಿ ಯಾವುದು, ಜ್ವಾಳ ಯಾವುದು ಅಂತ ಕೇಳ್ತದೇನವಾ?" ಎಂದು ಅವರು ನನ್ನ ಬಾಯಿ ಮುಚ್ಚಿಸಿದರು.

ಇಪ್ಪತ್ತು ಕಿಲೋ ಹಿಟ್ಟು ಕಾಕಿಯದೇ. ಏಳು ಒಲೆ ಹೊತ್ತಿದವು. ಕಟಕ ರೊಟ್ಟಿ ಮಾಡುವ ರೀತಿ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಕುದಿಯುವ ನೀರು ಹಾಕಿ ಹಿಟ್ಟು ಚೆನ್ನಾಗಿ ನಾದಿ, ಆದಷ್ಟು ತೆಳ್ಳಗೆ ಬಡಿಯಬೇಕು. ಹಂಚಿಗೆ ಹಾಕಿ ಮೇಲೆ ನೀರು ಸವರಿ, ಎರಡೂ ಕಡೆ ಬೇಯಿಸಿ, ಒಲೆಯ ಪಕ್ಕಕ್ಕೆ ನಿಲ್ಲಿಸಿದರೆ ಹಪ್ಪಳದ ಹಾಗೆ ಗರಿಯಾಗುತ್ತದೆ. ಪೂರ್ತಿ ಆರಿದ ಮೇಲೆಯೇ ಕಟ್ಟಬೇಕು. ಬಿಸಿ ಇದ್ದಾಗ ಕಟ್ಟಿದರೆ ಬೆವತು ಬೂಷ್ಟು ಬರುತ್ತದೆ. ನೀರು ತಾಗದಿದ್ದರೆ ತಿಂಗಳಾದರೂ ಕೆಡುವುದಿಲ್ಲ. ಕಿಲೋ ಹಿಟ್ಟಿಗೆ ಇಪ್ಪತ್ತೈದರ ಸುಮಾರು ಬರುತ್ತವೆ. ಜೊತೆಗೆ ಹುರಿದ ಶೇಂಗಾ, ಒಣಖಾರ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಕುಟ್ಟಿದ ಹಿಂಡಿ.

ಹೀಗೆ ಐದುನೂರು ರೊಟ್ಟಿ ಲಾರಿ ಹತ್ತಿದವು. ನನಗೋ ಒಳಗೊಳಗೇ ಜಂಬ.

ಆದರೆ ಸೋದರಿಯರೇ, ಅದೇ ಲಾರಿಗೆ ಬಟ್ಟೆಯೂ ಬೇಕೆಂದರು. ನಾನು ಟ್ರಂಕು ತೆರೆದೆ. ಸೆರಗು ಹರಿದ ಒಂದು ಸೀರೆ, ಹುಕ್ಕು ಕಿತ್ತುಹೋದ ಒಂದು ಕುಪ್ಪಸ, ಒಂದು ಪರಕಾರ ತೆಗೆದೆ. ಪರಕಾರಕ್ಕೆ ಹೊಸ ಲಾಡಿ ಇತ್ತು. "ಲಾಡಿ ಯಾಕೆ ಸುಮ್ಮನೆ ಕೊಡಲಿ" ಎಂದು ಅದನ್ನು ಎಳೆದಿಟ್ಟುಕೊಂಡು, ಬರೀ ಪರಕಾರ ಗಂಟಿನಲ್ಲಿ ಕಟ್ಟಿದೆ! ಐದು ರೂಪಾಯಿಯ ಲಾಡಿ. ಯಾರೂ ನೋಡಲಿಲ್ಲ. ನಾನೂ ಮರೆತುಬಿಟ್ಟೆ.

ಹೊಳೆ ಮನೆಗೆ ಬಂತು

ಸರಿಯಾಗಿ ವರ್ಷ ತುಂಬುವಷ್ಟರಲ್ಲಿ, 2019ರ ಆಗಸ್ಟ್‌ನಲ್ಲಿ, ನಮ್ಮ ಸರದಿ ಬಂತು. ಮಳೆ ನಿಲ್ಲಲಿಲ್ಲ. ಮೇಲಿನ ನವಿಲುತೀರ್ಥ ಆಣೆಕಟ್ಟು ತುಂಬಿ ನೀರು ಬಿಟ್ಟರು. ಸಾಯಂಕಾಲ ಗಟಾರದಲ್ಲಿದ್ದ ನೀರು ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲಿಗೆ, ಊಟದ ಹೊತ್ತಿಗೆ ಕಟ್ಟೆಯ ಮೇಲೆ. ಉಟ್ಟ ಸೀರೆಯಲ್ಲೇ, ಮಗಳ ಕೈ ಹಿಡಿದು, ಅತ್ತೆಯವರನ್ನು ನಡುವೆ ಇಟ್ಟುಕೊಂಡು ಶಾಲೆಯೊಂದಕ್ಕೆ ಬಂದು ಸೇರಿದೆವು. ಅಂಗಡಿಯ ಸಕ್ಕರೆ, ಬೇಳೆ, ಹಿಟ್ಟು ಎಲ್ಲ ಹೊಳೆಯ ಪಾಲು. ಪಕ್ಕದ ನೇಕಾರ ಆಯಿಯ ಮನೆಯಲ್ಲಂತೂ ಮಗ್ಗಕ್ಕೆ ಹಾಸು ಏರಿಸಿ ಎರಡೇ ದಿನವಾಗಿತ್ತು. ಕೆಸರು ಹೊಕ್ಕ ನೂಲನ್ನು ಯಾವ ದೇವರೂ ತೊಳೆದುಕೊಡಲಾರ. ಆಯಿ ಶಾಲೆಯ ಗೋಡೆಗೆ ಮುಖ ಮಾಡಿ ಕುಳಿತವಳು ಮಾತೇ ಆಡಲಿಲ್ಲ.

ಒದ್ದೆ ಸೀರೆಯಲ್ಲಿ ಎರಡು ದಿನ ಕಳೆದೆವು. ಮೂರನೆಯ ದಿನ ಬಟ್ಟೆಯ ಲಾರಿ ಬಂತು. ಮೇಲಿನಿಂದ ಗಂಟುಗಳನ್ನು ಎಸೆದರು. ಹಿಡಿಯಲು ಕೈ ಎತ್ತಿದಾಗ ಯಾರೋ ಫೋಟೋ ತೆಗೆದರು. ಅಂಗಡಿಯವರ ಹೆಂಡತಿ ಎಂದು ಊರಲ್ಲಿ ನಾಲ್ಕು ಜನ ಗುರುತಿಸುವ ನನಗೆ ಆಗ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಸೆರಗನ್ನು ಮುಖದ ಮೇಲೆ ಎಳೆದುಕೊಂಡೆ.

ಗಂಟು ಬಿಚ್ಚಿದರೆ ಏನಿತ್ತು ಬಲ್ಲಿರಾ? ಹರಿದ ಸೀರೆ. ಹುಕ್ಕಿಲ್ಲದ ಕುಪ್ಪಸ. ಲಾಡಿಯಿಲ್ಲದ ಪರಕಾರ!

ಮಗಳು, "ಯಾಕವ್ವಾ ನಗಾಕತ್ತೀ?" ಎಂದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಗೋಣಿಚೀಲದ ಸುತಳಿ ಹುಡುಕಿ, ಅದನ್ನೇ ಪರಕಾರಕ್ಕೆ ಪೋಣಿಸಿ ಕಟ್ಟಿಕೊಂಡೆ. ಆ ಸುತಳಿ ಸೊಂಟಕ್ಕೆ ಒತ್ತಿದಷ್ಟೂ ಕೊಡಗಿನ ಯಾವಳೋ ಒಬ್ಬ ತಾಯಿ ಕಣ್ಣ ಮುಂದೆ ಬರುತ್ತಿದ್ದಳು. ಅವಳು ಏನು ಕಟ್ಟಿಕೊಂಡಳೋ? ಆ ತಿಂಗಳು ಕೊಡಗಿನಲ್ಲಿ ಮತ್ತೆ ಮಳೆ, ಮತ್ತೆ ಗುಡ್ಡ ಕುಸಿತ ಎಂದು ಕೇಳಿದಾಗ ನನ್ನ ಸಂಕಟ ಇಮ್ಮಡಿಯಾಯಿತು.

ಹೆಸರಿಲ್ಲದ ಚೀಟಿ

ಮರುದಿನ ಇನ್ನೊಂದು ಗಾಡಿ ಬಂತು. ಇವರು ಎಸೆಯಲಿಲ್ಲ. ಒಬ್ಬೊಬ್ಬರ ಹತ್ತಿರ ಬಂದು ಕುಳಿತು, ಮನೆಯಲ್ಲಿ ಎಷ್ಟು ಜನ, ಹೆಣ್ಣುಮಕ್ಕಳೆಷ್ಟು ಎಂದು ಕೇಳಿ, ಕೈಗೆ ಬಟ್ಟೆಯ ಚೀಲ ಕೊಟ್ಟರು. ಅದರಲ್ಲಿ ಒಗೆದು ಇಸ್ತ್ರಿ ಮಾಡಿದ ನೂಲಿನ ಸೀರೆ, ಕುಪ್ಪಸ, ಪರಕಾರ, ಬಾಚಣಿಗೆ, ಪಿನ್ನು, ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ. ಮಗಳಿಗೆ ಬೇಕಾದ ಮುಟ್ಟಿನ ಪ್ಯಾಡುಗಳನ್ನು ಪೇಪರಿನಲ್ಲಿ ಸುತ್ತಿ ಅಡಿಯಲ್ಲಿ ಇಟ್ಟಿದ್ದರು. ಮೂರು ದಿನದಿಂದ ಹುಡುಗಿ ಯಾರ ಮುಂದೆಯೂ ಹೇಳಲಾರದೆ ಒದ್ದಾಡುತ್ತಿದ್ದಳು.

ಪರಕಾರಕ್ಕೆ ಲಾಡಿ ಹಾಕಿತ್ತು! ಒಳಗೆ ಜಾರಿಹೋಗದಿರಲೆಂದು ಎರಡು ತುದಿಗೂ ಗಂಟು ಹಾಕಿತ್ತು. ಜೊತೆಗೆ ಒಂದು ಚೀಟಿ: "ಅಕ್ಕಾ, ಲಂಗಕ್ಕೆ ಲಾಡಿ ಹಾಕಿದ್ದೀವಿ. ರವಿಕೆ ಬಿಗಿಯಾದ್ರೆ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಬಟ್ಟೆ ಬಿಟ್ಟಿದ್ದೀವಿ. ಸೂಜಿ ದಾರ ಚೀಲದ ಜೇಬಲ್ಲಿದೆ."

ಹೆಸರಿಲ್ಲ, ಊರಿಲ್ಲ. ಭಾಷೆ ನೋಡಿ ಮೈಸೂರು ಸೀಮೆಯ ಕಡೆಯವರು ಎಂದುಕೊಂಡೆ, ಅಷ್ಟೇ. ನಾನು ಒಂದು ಲಾಡಿ ಉಳಿಸಿಕೊಂಡಿದ್ದೆ. ಮುಖ ನೋಡದ ಯಾವಳೋ ಪುಣ್ಯಾತ್ಗಿತ್ತಿ, ನನ್ನ ಸೊಂಟದ ಅಳತೆಯ ಚಿಂತೆಯನ್ನೂ ಮಾಡಿದ್ದಳು.

ಸೌಟು ಕೈಗೆ ಬಂದಾಗ

ಆ ಗಾಡಿಯೊಂದಿಗೆ ಬಂದವರಲ್ಲಿ ಒಬ್ಬ ಹೆಣ್ಣುಮಗಳು ಅಡಿಗೆಗೆ ನಿಂತಿದ್ದಳು. ಸಂಜೆ ನನ್ನ ಹತ್ತಿರ ಬಂದು, "ಅಕ್ಕಾ, ನಿಮ್ಮ ಕಡೆಯ ಸಾರು ನಮಗೆ ಬರಲ್ಲ. ಒಂಚೂರು ನಿಂತ್ಕೊಂಡು ಹೇಳಿಕೊಡ್ತೀರಾ?" ಎಂದು ಸೌಟನ್ನು ನನ್ನ ಕೈಗೆ ಕೊಟ್ಟಳು.

ಅವಳಿಗೆ ಸಾರು ಬರುತ್ತಿರಲಿಲ್ಲ ಎಂದು ನಾನು ಈಗಲೂ ನಂಬುವುದಿಲ್ಲ! ಆದರೆ ಆ ಸೌಟು ಹಿಡಿದ ಕೂಡಲೇ ನನ್ನ ಬೆನ್ನು ನೆಟ್ಟಗಾಯಿತು. ನಾಲ್ಕು ದಿನದಿಂದ ತಾಟು ಹಿಡಿದು ಸಾಲಿನಲ್ಲಿ ನಿಂತವಳು ಮತ್ತೆ ಗೃಹಿಣಿಯಾದೆ. ಗಿರಣಿ ಕಾಕಿ ಹಿಟ್ಟಿಗೆ ಕೈ ಹಾಕಿದರು. ಮೂಲೆಮನೆ ವೈನಿ ಈಳಿಗೆ ಮಣೆಯ ಮುಂದೆ ಕುಳಿತರು. ಸ್ವಲ್ಪ ಹೊತ್ತಿಗೆ ನೇಕಾರ ಆಯಿ ಗೋಡೆ ಬಿಟ್ಟು ಎದ್ದು ಬಂದು, "ಬಳ್ಳೊಳ್ಳಿ ಇಲ್ಲೆ ಕೊಡ್ರಿ, ನಾ ಸುಲೀತೀನಿ" ಎಂದಳು. ನಾಲ್ಕು ದಿನದ ಮೇಲೆ ಅವಳಾಡಿದ ಮೊದಲ ಮಾತು ಅದು.

ಅಂದು ನನಗೆ ಒಂದು ವಿಷಯ ಮನದಟ್ಟಾಯಿತು. ತೆಗೆದುಕೊಳ್ಳುವವರ ಮಾನ ಕಳೆದು ಕೊಟ್ಟದ್ದು ಅಲ್ಲಿಗೇ ಮುಗಿಯುತ್ತದೆ. ಮಾನ ಉಳಿಸಿ ಕೊಟ್ಟದ್ದು ತೆಗೆದುಕೊಂಡವಳನ್ನೂ ಕೊಡುವವಳನ್ನಾಗಿ ಮಾಡುತ್ತದೆ.

ಮುಂದಕ್ಕೆ ಹೋದ ಲಾಡಿ

ಊರು ಒಣಗಿತು. ಅಂಗಡಿ ಮತ್ತೆ ಬಾಗಿಲು ತೆರೆಯಿತು. ಮಂಡಳದವರ ಮುಂದೆ ನಾನು ನನ್ನ ಹಳೆಯ ಲಾಡಿಯ ಕತೆ ಒಪ್ಪಿಕೊಂಡೆ. ಬೈದಾರು ಎಂದುಕೊಂಡಿದ್ದೆ. ಮೂಲೆಮನೆ ವೈನಿ, "ನಾ ಹರದ ಚಾದರ ಕಟ್ಟಿದ್ದೆ ನೋಡ್ರಿ" ಎಂದರು. ಇನ್ನೊಬ್ಬರು ಮಗನ ಗುಂಡಿಯಿಲ್ಲದ ಅಂಗಿ. ಎಲ್ಲರ ಟ್ರಂಕಿನ ಗುಟ್ಟೂ ಒಂದೇ!

ಅಂದಿನಿಂದ ಗಿರಣಿಯಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದೇವೆ. ನಾವೇ ಉಡಲು ಹಿಂಜರಿಯುವ ಬಟ್ಟೆ ಅದರೊಳಗೆ ಹೋಗಬಾರದು. ನೇಕಾರ ಆಯಿಯ ಮಗ್ಗ ಮತ್ತೆ ನಡೆಯುವುದಕ್ಕೆ ತಿಂಗಳುಗಳೇ ಹಿಡಿದವು. ನಡೆದ ಮೇಲೆ ಅವಳು ಉಳಿದ ನೂಲಿನ ತುಂಡುಗಳಿಂದ ಲಾಡಿ ಹೊಸೆದು ತಂದು ಪೆಟ್ಟಿಗೆಗೆ ಹಾಕತೊಡಗಿದಳು. ಕೇಳಿದರೆ, "ನನಗ ಬರೂದು ಇದೊಂದ ಅಲ್ಲೇನವಾ" ಎನ್ನುತ್ತಾಳೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ, ಗೋವಾ ಕಡೆ ಗೌಂಡಿ ಕೆಲಸಕ್ಕೆ ಹೋದ ನಮ್ಮ ಭಾಗದ ಜನ ನಡೆದುಕೊಂಡು, ಸಿಕ್ಕ ಗಾಡಿ ಹತ್ತಿ ಹಳ್ಳಿಗಳಿಗೆ ಮರಳಿದರು. ಮುಖಕ್ಕೆ ಸೆರಗು ಕಟ್ಟಿಕೊಂಡು, ದೂರ ನಿಂತೇ, ಕಟಕ ರೊಟ್ಟಿ ಹಿಂಡಿ ಕೊಟ್ಟೆವು. ಈ ಸಲ ಮೊದಲು ಕೇಳಿದೆವು: "ಏನ ಬೇಕಾಗೇತಿ?" ಒಬ್ಬಳು ರೊಟ್ಟಿ ಬೇಡವೆಂದಳು. ಅವಳ ಕಾಲಲ್ಲಿ ಗುಳ್ಳೆ, ಚಪ್ಪಲಿ ಹರಿದಿತ್ತು. ಆಯಿ ತನ್ನ ಚಪ್ಪಲಿ ಬಿಚ್ಚಿ ಅವಳ ಮುಂದಿಟ್ಟು ಬರಿಗಾಲಲ್ಲಿ ಮನೆಗೆ ನಡೆದಳು.

ಮರುವರ್ಷ ಜೋಳದ ರಾಶಿಯಾದ ಮೇಲೆ ಆ ಹೆಣ್ಣುಮಗಳು ಗಿರಣಿ ಹುಡುಕಿಕೊಂಡು ಬಂದಳು. ಗಂಡನ ಹೆಗಲ ಮೇಲೆ ಜೋಳದ ಚೀಲ. "ಇದ್ಯಾಕ ತಂದ್ಯವಾ?" ಎಂದು ಕಾಕಿ ಗದರಿದರೆ ಅವಳೆಂದಳು, "ನಿಮಗಲ್ರಿ ಅಕ್ಕಾರ. ಮುಂದ ಯಾರಿಗೆ ಬೇಕಾಗ್ತದ, ಅವರಿಗೆ."

ಆ ಚೀಲದ ಮುಂದೆ ನಮ್ಮ ಐದುನೂರು ರೊಟ್ಟಿಯ ಜಂಬ ಎಲ್ಲಿ ಹೋಯಿತೋ!

ಚೀಲ ಕಟ್ಟುವಾಗ ನೆನಪಿಡಿ

* ಬಟ್ಟೆ ಒಗೆದು, ಒಣಗಿಸಿ, ಹುಕ್ಕು ಗುಂಡಿ ಹಚ್ಚಿ, ಲಾಡಿ ಹಾಕಿ ಕೊಡಿ. ಹರಿದದ್ದನ್ನು ಮನೆಯಲ್ಲೇ ಒರೆಸುವ ಬಟ್ಟೆ ಮಾಡಿಕೊಳ್ಳಿ.
* ಒಂದು ಮನೆಗೆ ಒಂದು ಚೀಲ. ಮೇಲೆ "ದೊಡ್ಡವರು", "ಐದು ವರ್ಷದ ಹುಡುಗ" ಎಂದು ಬರೆಯಿರಿ. ಅಲ್ಲಿ ಗಂಟು ಕೆದಕುವುದು ತಪ್ಪುತ್ತದೆ.
* ಒಳಉಡುಪು, ಪ್ಯಾಡು ಹೊಸದೇ ಇರಲಿ, ಸುತ್ತಿ ಅಡಿಯಲ್ಲಿಡಿ. ಮೇಣಬತ್ತಿ, ಬೆಂಕಿಪೆಟ್ಟಿಗೆ, ಸೋಪು, ಸೂಜಿ ದಾರ ಮರೆಯಬೇಡಿ.
* ಒದ್ದೆ ಅಡಿಗೆ ದೂರ ಕಳಿಸಬೇಡಿ. ರೊಟ್ಟಿ, ಚಟ್ನಿಪುಡಿ, ಹುರಿದ ಅವಲಕ್ಕಿ, ಶೇಂಗಾ ಬೆಲ್ಲದ ಉಂಡೆ ತಾಳುತ್ತವೆ.
* ತೆಗೆದುಕೊಳ್ಳುವವರ ಫೋಟೋ ತೆಗೆಯಬೇಡಿ. ಅವರಿಗೂ ಒಂದು ಕೆಲಸ ಹೇಳಿ, ಅವರ ಸಲಹೆ ಕೇಳಿ.

ಸೋದರಿಯರೇ, ಚೀಟಿ ಬರೆದ ಆ ತಂಗಿ ಈ ಪತ್ರಿಕೆಯನ್ನು ಓದುತ್ತಾಳೋ ಇಲ್ಲವೋ. ಓದುತ್ತಿದ್ದರೆ ಒಂದು ಮಾತು: ನೀನು ಹಾಕಿದ ಲಾಡಿ ಇನ್ನೂ ಗಟ್ಟಿಯಾಗಿದೆ ತಾಯಿ. ಆ ಪರಕಾರ ಸವೆದು ಹೋಯಿತು. ಲಾಡಿಯನ್ನು ತೆಗೆದು ನಮ್ಮ ಪೆಟ್ಟಿಗೆಯ ಇನ್ನೊಂದು ಪರಕಾರಕ್ಕೆ ಪೋಣಿಸಿದ್ದೇನೆ. ಎರಡು ತುದಿಗೂ ಗಂಟು ಹಾಕಿದ್ದೇನೆ.

ಇನ್ನು ನೀವು. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಒಂದು ಸಲ ಆ ಟ್ರಂಕು ತೆರೆದು ನೋಡುತ್ತೀರಲ್ಲವೇ?