ಕಡಲೇಬೀಜವೂ ಸಣ್ಣ ಉರಿಯೂ

ಸಂಕ್ರಾಂತಿ ಹತ್ತಿರವಾದಂತೆ ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಮನೆಗಳಲ್ಲಿ ಎಳ್ಳುಬೆಲ್ಲದ ಸಿದ್ಧತೆ ಮೊದಲಾಗುತ್ತದೆ. ಆಲೆಮನೆಯ ಅಚ್ಚುಬೆಲ್ಲವನ್ನೂ ಒಣಕೊಬ್ಬರಿಯನ್ನೂ ಸಣ್ಣಗೆ ಹೆಚ್ಚಿ ಬಿಸಿಲಿಗೆ ಹರಡುವುದು, ಎಳ್ಳು ಹುರಿಯುವುದು, ಹುರಿಗಡಲೆ ಆರಿಸುವುದು, ಕಡಲೇಬೀಜವನ್ನು ಹುರಿದು ಸಿಪ್ಪೆ ತೆಗೆದು ಬೇಳೆ ಮಾಡುವುದು ಇವೆಲ್ಲ ಅದಕ್ಕೆ ಸೇರಿದ ಕೆಲಸಗಳು. ಇವುಗಳಲ್ಲಿ ಹೆಚ್ಚು ಎಚ್ಚರ ಬೇಡುವುದು ಕಡಲೇಬೀಜ. ಉರಿ ಜೋರಾದರೆ ಅದು ಹೊರಗೆ ಸೀದು ಒಳಗೆ ಹಸಿಯಾಗಿಯೇ ಉಳಿಯುತ್ತದೆ, ಬೇಗ ಇಳಿಸಿದರೆ ಗರಿಗರಿಯಾಗುವುದಿಲ್ಲ, ತಡವಾಗಿ ಇಳಿಸಿದರೆ ಕಹಿಯಾಗುತ್ತದೆ. ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಬೇಕೆಂದು ಅಡುಗೆಮನೆಯಲ್ಲಿ ತಲೆಮಾರುಗಳಿಂದ ಹೇಳಿಕೊಂಡು ಬಂದ ಮಾತಿನ ಹಿಂದೆ ನೀರು, ಸಕ್ಕರೆ ಮತ್ತು ಪ್ರೋಟೀನುಗಳ ಖಚಿತವಾದ ವಿಜ್ಞಾನವಿದೆ.

ದಕ್ಷಿಣ ಅಮೆರಿಕದಿಂದ ಜಗತ್ತಿಗೆ ಹರಡಿದ ಈ ಬೆಳೆಯನ್ನು ಹಳೆಯ ಮೈಸೂರು ಸೀಮೆಯವರು ಕಡಲೆಕಾಯಿ ಎಂದೂ ಉತ್ತರ ಕರ್ನಾಟಕದವರು ಶೇಂಗಾ ಎಂದೂ ಕರೆಯುತ್ತಾರೆ. ಗೋಡಂಬಿ, ಬಾದಾಮಿಗಳ ಜೊತೆಗೆ ಇದನ್ನು ಎಣಿಸುವ ರೂಢಿಯಿದ್ದರೂ ಸಸ್ಯಶಾಸ್ತ್ರದ ಪ್ರಕಾರ ಇದು ಅವರೆ, ತೊಗರಿ, ಹುರುಳಿಗಳ ಬಳಗಕ್ಕೆ ಸೇರಿದ ದ್ವಿದಳ ಧಾನ್ಯ. ಹಳದಿ ಹೂವು ನೆಲದ ಮೇಲೆ ಅರಳಿ ಪರಾಗಸ್ಪರ್ಶವಾದ ಬಳಿಕ ಅದರ ಬುಡದಿಂದ ಸೂಜಿಯಂಥ ತೊಟ್ಟೊಂದು ಕೆಳಮುಖವಾಗಿ ಬೆಳೆದು ಮಣ್ಣನ್ನು ಹೊಕ್ಕು ಅಲ್ಲಿ ಕಾಯಿಯಾಗುತ್ತದೆ. ‘ಅರಾಕಿಸ್ ಹೈಪೋಜಿಯಾ’ ಎಂಬ ಅದರ ಶಾಸ್ತ್ರೀಯ ಹೆಸರಿನ ಎರಡನೆಯ ಪದಕ್ಕೆ ನೆಲದೊಳಗಿನದು ಎಂದೇ ಅರ್ಥ. ತೊಟ್ಟು ಸುಲಭವಾಗಿ ಇಳಿಯಬೇಕಾದರೆ ಮಣ್ಣು ಸಡಿಲವಾಗಿರಬೇಕಾದ್ದರಿಂದ, ಕಾಲುವೆ ನೀರಿನ ಭತ್ತ, ಕಬ್ಬುಗಳ ಗದ್ದೆಗಿಂತ ಮರಳು ಬೆರೆತ ಕೆಂಪು ಮಣ್ಣಿನ ಬೆದ್ದಲು ಹೊಲವೇ ಇದಕ್ಕೆ ಹೆಚ್ಚು ಒಗ್ಗುತ್ತದೆ.

ಒಂದು ಬೀಜವನ್ನು ಉಗುರಿನಿಂದ ಸೀಳಿ ನೋಡಿದರೆ ಹುರಿಯುವಾಗ ಆಗುವುದನ್ನು ಅರಿಯಲು ಬೇಕಾದುದೆಲ್ಲ ಅಲ್ಲಿಯೇ ಕಾಣುತ್ತದೆ. ಹೊರಗೆ ತೆಳ್ಳನೆಯ ಕೆಂಪು ಸಿಪ್ಪೆ, ಅದರಲ್ಲಿ ಒಗರು ಕೊಡುವ ಟ್ಯಾನಿನ್ ಎಂಬ ವಸ್ತು. ಒಳಗೆ ಬೆಣ್ಣೆಯ ಬಣ್ಣದ ಎರಡು ಬೇಳೆಗಳು. ಬೇಳೆಗಳು ಕೂಡುವ ತುದಿಯಲ್ಲಿ ಮುಂದೆ ಗಿಡವಾಗಬೇಕಾದ ಪುಟ್ಟ ಮೊಳಕೆ. ಬೇಳೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ, ಕಾಲುಭಾಗದಷ್ಟು ಪ್ರೋಟೀನು, ಉಳಿದದ್ದರಲ್ಲಿ ಪಿಷ್ಟ, ನಾರು, ಸ್ವಲ್ಪ ಸಕ್ಕರೆ ಮತ್ತು ನೀರು. ಚೆನ್ನಾಗಿ ಒಣಗಿದ ಬೀಜದಲ್ಲಿಯೂ ನೂರಕ್ಕೆ ಐದಾರು ಪಾಲು ನೀರಿರುತ್ತದೆ. ಹುರಿಯುವ ಕೆಲಸದ ಮೊದಲರ್ಧವೆಲ್ಲ ಈ ನೀರಿನೊಡನೆಯೇ ನಡೆಯುತ್ತದೆ.

ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿದು ಆವಿಯಾಗುತ್ತದೆ ಮತ್ತು ಆವಿಯಾಗುವಾಗ ಬಹಳಷ್ಟು ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಆದ್ದರಿಂದ ಬಾಣಲೆ ಎಷ್ಟೇ ಕಾದಿದ್ದರೂ ಬೇಳೆಯೊಳಗೆ ನೀರಿರುವ ತನಕ ಒಳಗಿನ ಬಿಸಿ ಆ ಮಟ್ಟದ ಆಸುಪಾಸಿನಲ್ಲಿಯೇ ತಡೆದು ನಿಲ್ಲುತ್ತದೆ. ಒಂದು ಕೆ.ಜಿ. ಬೀಜದಲ್ಲಿ 60 ಗ್ರಾಂ ನೀರಿದೆಯೆಂದುಕೊಂಡರೆ, ತೂಕದಲ್ಲಿ ಅಷ್ಟು ಅಲ್ಪವಾದ ನೀರನ್ನು ಹೊರಹಾಕುವುದಕ್ಕೇ ಒಟ್ಟು ಶಾಖದ ಸುಮಾರು ಮೂರನೆಯ ಒಂದು ಭಾಗ ಬೇಕಾಗುತ್ತದೆಂದು ಅಂದಾಜು ಲೆಕ್ಕ ಹಾಕಬಹುದು. ನೀರು ಬೇಳೆಯ ನಡುವಿನಿಂದ ಹೊರಮೈಗೆ ನಿಧಾನವಾಗಿ ಒಸರಿ ಬರಬೇಕು, ಆ ನಡಿಗೆಯನ್ನು ಉರಿ ಹೆಚ್ಚಿಸಿ ಒಂದು ಮಿತಿಗಿಂತ ಅವಸರಪಡಿಸಲಾಗದು. ಉರಿ ಜೋರಾದಾಗ ಹೊರಮೈ ಮಾತ್ರ ಒಣಗಿ ಬಿಸಿಯೇರಿ ಸೀಯುತ್ತದೆ, ಒಳಗಿನ ನೀರಿನ್ನೂ ಅಲ್ಲೇ ಉಳಿದಿರುತ್ತದೆ. ಸಣ್ಣ ಉರಿಯೆಂದರೆ ನೀರಿನ ನಡಿಗೆಗೆ ಬೆಂಕಿಯನ್ನು ಹೊಂದಿಸಿಕೊಳ್ಳುವ ಉಪಾಯ.

ನೀರು ತೀರಿದ ಮೇಲೆ ಬೇಳೆಯ ಬಿಸಿ ಮೇಲೇರಿ ಎರಡನೆಯ ಘಟ್ಟ ಆರಂಭವಾಗುತ್ತದೆ. ಸಕ್ಕರೆಗಳೂ ಪ್ರೋಟೀನಿನ ಘಟಕಗಳಾದ ಅಮೈನೋ ಆಮ್ಲಗಳೂ ಬಿಸಿಯಲ್ಲಿ ಕೂಡಿಕೊಂಡು ಕಂದುಬಣ್ಣದ, ಪರಿಮಳದ ಹೊಸ ವಸ್ತುಗಳಾಗುವುದನ್ನು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದ್ದರಿಂದ ಅದಕ್ಕೆ ಮೈಯಾರ್ ಕ್ರಿಯೆಯೆಂಬ ಹೆಸರು ನಿಂತಿತು. ದೋಸೆಯ ತಳ ಹೊಂಬಣ್ಣಕ್ಕೆ ತಿರುಗುವುದೂ ಕಾಫಿಬೀಜ ಘಮಗುಡುವುದೂ ಬಹುಮಟ್ಟಿಗೆ ಇದರಿಂದಲೇ. ಕಡಲೇಬೀಜದಲ್ಲಿರುವ ಸಕ್ಕರೆ ಹೆಚ್ಚಾಗಿ ಕಬ್ಬಿನಲ್ಲಿರುವ ಸುಕ್ರೋಸೇ. ಅದು ನೇರವಾಗಿ ಈ ಕ್ರಿಯೆಗೆ ಇಳಿಯದೆ, ಬಿಸಿಗೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಎರಡಾಗಿ ಒಡೆದು ಬಳಿಕ ಅಮೈನೋ ಆಮ್ಲಗಳೊಡನೆ ಸೇರುತ್ತದೆ. ಹೀಗೆ ಹುಟ್ಟುವ ನೂರಾರು ವಸ್ತುಗಳಲ್ಲಿ ಪೈರಜೀನ್ ಎಂಬ ಗುಂಪಿನವು ಹುರಿದ ಕಡಲೇಬೀಜದ ವಿಶಿಷ್ಟ ವಾಸನೆಗೆ ಮುಖ್ಯ ಕಾರಣ.

ಬಿಸಿ ಹತ್ತು ಡಿಗ್ರಿ ಏರಿದರೆ ಈ ಕ್ರಿಯೆಯ ವೇಗ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ಅಂದರೆ 160 ಡಿಗ್ರಿಯಲ್ಲಿ ನಡೆಯುವುದಕ್ಕಿಂತ 190 ಡಿಗ್ರಿಯಲ್ಲಿ ಅದು ಎಂಟು ಪಟ್ಟು ಅಥವಾ ಅದಕ್ಕೂ ಹೆಚ್ಚು ವೇಗವಾಗಿ ನಡೆದು, ಹದಕ್ಕೂ ಸೀಯುವುದಕ್ಕೂ ನಡುವೆ ಕೆಲವೇ ಕ್ಷಣಗಳ ಅಂತರ ಉಳಿಯುತ್ತದೆ. ಅತಿಯಾಗಿ ಹುರಿದರೆ ಕೆಡುವುದು ರುಚಿಯೊಂದೇ ಅಲ್ಲ. ದೇಹಕ್ಕೆ ಅಗತ್ಯವಾದ ಲೈಸೀನ್ ಎಂಬ ಅಮೈನೋ ಆಮ್ಲ ಕಡಲೇಬೀಜದಲ್ಲಿ ಮೊದಲೇ ಕಡಿಮೆ, ಮತ್ತು ಸಕ್ಕರೆಯೊಡನೆ ಬೇಗ ಸೇರಿಹೋಗುವುದೂ ಅದೇ. ಕಡಲೆಯಲ್ಲಿ ಲೈಸೀನ್ ಅದಕ್ಕಿಂತ ಹೆಚ್ಚಾಗಿರುವುದರಿಂದ ಎಳ್ಳುಬೆಲ್ಲದಲ್ಲಿ ಕಡಲೇಬೀಜಕ್ಕೆ ಹುರಿಗಡಲೆ ಜೊತೆಯಾಗುವುದು ಪೋಷಣೆಯ ದೃಷ್ಟಿಯಿಂದಲೂ ಒಳ್ಳೆಯದು. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯವು ಅಪೌಷ್ಟಿಕತೆಯನ್ನು ತಡೆಯಲು ರೂಪಿಸಿದ ಬಹೂಪಯೋಗಿ ಆಹಾರದಲ್ಲಿಯೂ ಎಣ್ಣೆ ತೆಗೆದ ಕಡಲೇಬೀಜದ ಹಿಟ್ಟನ್ನೂ ಕಡಲೆಹಿಟ್ಟನ್ನೂ ಬೆರೆಸಲಾಗಿತ್ತು.

ಬಿಸಿಯನ್ನು ಬೀಜಕ್ಕೆ ಮುಟ್ಟಿಸುವ ಸಾಧನವಾಗಿ ಬಾಣಲೆಯನ್ನು ನೋಡಿದರೆ ಅದರ ಕೊರತೆಯೊಂದು ಕಾಣುತ್ತದೆ. ಉರುಟಾದ ಬೀಜ ಬಾಣಲೆಯ ತಳವನ್ನು ಒಂದೆರಡು ಬಿಂದುಗಳಲ್ಲಿ ಮಾತ್ರ ಮುಟ್ಟುವುದರಿಂದ ಆ ಜಾಗದಲ್ಲಿ ಕಪ್ಪು ಚುಕ್ಕೆ ಬೀಳುತ್ತದೆ, ಉಳಿದ ಮೈ ಬಿಸಿಗಾಳಿಯನ್ನಷ್ಟೇ ನೆಚ್ಚಿಕೊಂಡಿರುತ್ತದೆ. ಕೈ ಬಿಡದೆ ಆಡಿಸುತ್ತಿದ್ದರೆ ಪ್ರತಿ ಬೀಜವೂ ತಳವನ್ನು ಬೇರೆಬೇರೆ ಮಗ್ಗುಲಲ್ಲಿ ಮುಟ್ಟುತ್ತದೆ. ಇದಕ್ಕಿಂತ ಒಳ್ಳೆಯ ಪರಿಹಾರ ಮರಳು. ಮದ್ದೂರಿನ ಮಗ್ಗುಲಲ್ಲಿ ಹರಿಯುವ ಶಿಂಷೆಯಂಥ ನದಿಗಳ ಮರಳಿನಲ್ಲಿ ಮುಖ್ಯವಾಗಿ ಇರುವುದು ಕ್ವಾರ್ಟ್ಸ್ ಎಂಬ ಖನಿಜದ ಹರಳುಗಳು, ಅವು ಹುರಿಯುವ ಬಿಸಿಗೆ ಕರಗುವುದೂ ಇಲ್ಲ, ಹೊಗೆಯಾಡುವುದೂ ಇಲ್ಲ. ತೊಳೆದು ಜರಡಿ ಹಿಡಿದ ಮರಳನ್ನು ದಪ್ಪ ಬಾಣಲೆಯಲ್ಲಿ ಕಾಯಿಸಿ ಅದರೊಳಗೆ ಕಡಲೆಕಾಯಿ ಹಾಕಿದಾಗ ಸಾವಿರಾರು ಬಿಸಿ ಹರಳುಗಳು ಕಾಯನ್ನು ಸುತ್ತುವರಿದು ಎಲ್ಲ ಕಡೆಯಿಂದಲೂ ಸಮನಾಗಿ ಬಿಸಿ ಕೊಡುತ್ತವೆ, ಉರಿಯ ಏರಿಳಿತವೂ ಒಮ್ಮೆಗೇ ಕಾಯಿಗೆ ತಟ್ಟುವುದಿಲ್ಲ. ಹೊಟ್ಟಿನೊಳಗೆ ಗಾಳಿಯ ಪದರವಿದ್ದು ಅದು ಬಿಸಿಯನ್ನು ತಡೆಯುವುದರಿಂದ, ಬಿಡಿಸಿದ ಬೀಜಕ್ಕಿಂತ ಇಡೀ ಕಾಯಿಗೆ ಮರಳು ಹೆಚ್ಚು ಅಗತ್ಯ. ಜಾತ್ರೆಗಳಲ್ಲಿ ಕಡಲೆಕಾಯಿ ಹುರಿಯುವವರ ಬಾಣಲೆಯಲ್ಲಿಯೂ ಕಡಲೆಪುರಿಯ ಅಕ್ಕಿ ಅರಳಿಸುವ ಒಲೆಯಲ್ಲಿಯೂ ಮರಳಿರುವುದು ಇದೇ ಕಾರಣಕ್ಕೆ. ಮನೆಯಲ್ಲಿ ಮರಳಿಲ್ಲದಿದ್ದರೆ ಕಲ್ಲುಪ್ಪು ಅದೇ ಕೆಲಸ ಮಾಡುತ್ತದೆ. ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಬೇಕು, ಒಲೆಯ ಮೇಲಿನ ಬಾಣಲೆ ಅಲ್ಲಿಗೆ ತಲುಪುವುದಿಲ್ಲ.

ಹದ ಬಂದುದನ್ನು ತಿಳಿಸುವ ಗುರುತುಗಳು ಒಂದರ ಹಿಂದೊಂದು ಬರುತ್ತವೆ. ಮೊದಲು ಚಟಪಟ ಸದ್ದು, ಒಳಗಿನ ಆವಿ ಸಿಪ್ಪೆಯನ್ನು ಬಿರಿದು ಹೊರಬರುವಾಗ ಕೇಳಿಸುವುದು. ಆ ಸದ್ದು ಕಡಿಮೆಯಾದರೆ ನೀರು ಬಹುಪಾಲು ತೀರಿತೆಂದು ಅರ್ಥ. ಆಮೇಲೆ ಹಸಿವಾಸನೆ ಹೋಗಿ ಘಮ ಏಳುತ್ತದೆ, ಅದು ಮೈಯಾರ್ ಕ್ರಿಯೆಯ ಸೂಚನೆ. ಒಣಗಿದ ಸಿಪ್ಪೆ ಬೇಳೆಯ ಹಿಡಿತ ಬಿಟ್ಟು, ಎರಡು ಬೆರಳ ನಡುವೆ ಉಜ್ಜಿದರೆ ಕಳಚಿ ಬರುತ್ತದೆ. ಸೀಳಿದ ಬೇಳೆಯ ಒಳಮೈ ತಿಳಿಯಾದ ಹೊಂಬಣ್ಣಕ್ಕೆ ಬಂದಿದ್ದರೆ ಇಳಿಸಬೇಕು, ಏಕೆಂದರೆ ಬೀಜದೊಳಗೆ ಉಳಿದ ಬಿಸಿಯೇ ಮುಂದೆಯೂ ಹುರಿಯುತ್ತಿರುತ್ತದೆ ಮತ್ತು ಬಾಣಲೆಯಲ್ಲೇ ಬಿಟ್ಟರೆ ಬಣ್ಣ ಗಾಢವಾಗುತ್ತದೆ. ಬಿಸಿಯಾಗಿರುವಾಗ ಮೆತ್ತಗಿರುವ ಬೇಳೆ ಆರಿದ ಮೇಲೆಯೇ ಗರಿಗರಿಯಾಗುವುದರಿಂದ, ಒಲೆಯ ಮೇಲಿರುವಾಗ ಬಾಯಿಗೆ ಹಾಕಿ ಗರಿಯನ್ನು ಅಳೆಯುವುದು ತಪ್ಪು ದಾರಿ. ಕೂಡಲೇ ಮೊರಕ್ಕೆ ಸುರಿದು ಹರಡಿ, ಆರಿದ ಬಳಿಕ ಅಂಗೈಯಲ್ಲಿ ಉಜ್ಜಿ ಕೇರಿದರೆ ಹಗುರವಾದ ಸಿಪ್ಪೆ ಗಾಳಿಗೆ ಹಾರಿ ಭಾರವಾದ ಬೇಳೆ ಮೊರದಲ್ಲೇ ಉಳಿಯುತ್ತದೆ.

ಎಳ್ಳು, ಕಡಲೇಬೀಜಗಳನ್ನು ಬೇರೆಬೇರೆಯಾಗಿ ಹುರಿಯುವ ಪದ್ಧತಿಗೂ ಇದರಿಂದ ವಿವರಣೆ ಸಿಗುತ್ತದೆ. ಎಳ್ಳು ತೀರ ಸಣ್ಣದಾದ್ದರಿಂದ ಅದರ ನೀರು ಬೇಗ ಹೋಗಿ ಬೇಗ ಹದಕ್ಕೆ ಬರುತ್ತದೆ, ದಪ್ಪ ಬೀಜಕ್ಕೆ ಹೆಚ್ಚು ಹೊತ್ತು ಬೇಕು. ಬೆಲ್ಲವು ಗಾಳಿಯ ತೇವವನ್ನು ಎಳೆದುಕೊಳ್ಳುವ ಸ್ವಭಾವದ್ದು, ಬಿಸಿಗೆ ಮೆತ್ತಗಾಗುವಂಥದ್ದು. ಅದರೊಡನೆ ಬೀಜವನ್ನು ಆರುವ ಮೊದಲೇ ಬೆರೆಸಿದರೆ ಎಲ್ಲ ಅಂಟಿಕೊಂಡು ಗರಿ ಹಾಳಾಗುತ್ತದೆ.

ಹುರಿಯುವುದಕ್ಕೆ ಮುಂಚಿನ ಆರಿಸುವ ಕೆಲಸ ಹುರಿಯುವಷ್ಟೇ ಮುಖ್ಯ. ಎಳೆಯ ಬೀಜದಲ್ಲಿ ಬಿಡಿ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಹೆಚ್ಚಿರುವುದರಿಂದ ಅದು ಬಲಿತ ಬೀಜಕ್ಕಿಂತ ಬೇಗ ಕಪ್ಪಾಗುತ್ತದೆ. ಬೂಷ್ಟು ಹಿಡಿದ, ಬಣ್ಣಗೆಟ್ಟ, ಸುಕ್ಕಾದ ಬೀಜವಂತೂ ಅಪಾಯಕಾರಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಕಾರಣವನ್ನು ಹುಡುಕಿದಾಗ ಅವು ತಿಂದ ಕಡಲೆಕಾಯಿ ಹಿಂಡಿಯಲ್ಲಿ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದು ಬಿಟ್ಟ ವಿಷ ಪತ್ತೆಯಾಯಿತು, ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಈ ವಿಷ ಯಕೃತ್ತನ್ನು ಕೆಡಿಸುತ್ತದೆ ಮತ್ತು ಹುರಿಯುವ ಬಿಸಿಗೆ ಪೂರ್ತಿ ನಾಶವಾಗುವುದಿಲ್ಲ. ಆದ್ದರಿಂದ ಕೆಟ್ಟ ಬೀಜವನ್ನು ಹುರಿದು ಸರಿಮಾಡಬಹುದೆಂಬ ಭರವಸೆಗೆ ಆಧಾರವಿಲ್ಲ, ಅದನ್ನು ಬಿಸಾಡುವುದೇ ಸರಿ. ಹುರಿದ ಮೇಲೆಯೂ ಬೇಳೆಯ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ಕಮಟು ಹಿಡಿಯುತ್ತದೆ. ಬಿಸಿಗೆ ಜೀವಕೋಶಗಳು ಬಿರಿದು ಎಣ್ಣೆ ಗಾಳಿಗೆ ತೆರೆದುಕೊಂಡಿರುವುದರಿಂದ ಹಸಿಬೀಜಕ್ಕಿಂತ ಹುರಿದದ್ದು ಬೇಗ ಕೆಡುತ್ತದೆ. ಬೇಕಾದಷ್ಟನ್ನೇ ಹುರಿದು, ಪೂರ್ತಿ ಆರಿಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ತಂಪಾದ ಕತ್ತಲೆಯ ಜಾಗದಲ್ಲಿಡುವುದು ಇದಕ್ಕೆ ಉಪಾಯ.

ಉಷ್ಣತಾಮಾಪಕವಾಗಲಿ ಗಡಿಯಾರವಾಗಲಿ ಇಲ್ಲದೆ, ಸದ್ದು ತಗ್ಗಿದ ಹೊತ್ತನ್ನು ಕಿವಿಯಿಂದ, ಘಮ ಎದ್ದ ಹೊತ್ತನ್ನು ಮೂಗಿನಿಂದ, ಸಿಪ್ಪೆ ಸಡಿಲವಾದ ಹೊತ್ತನ್ನು ಬೆರಳಿನಿಂದ ಗುರುತಿಸಿ ಬಾಣಲೆ ಇಳಿಸುತ್ತ ಬಂದ ಈ ಸೀಮೆಯ ಹೆಣ್ಣುಮಕ್ಕಳು, ನೀರು ತೀರುವ ಘಟ್ಟವನ್ನೂ ಮೈಯಾರ್ ಕ್ರಿಯೆಯ ಘಟ್ಟವನ್ನೂ ಅವುಗಳಿಗೆ ಹೆಸರು ಹುಟ್ಟುವ ಮುಂಚೆಯೇ ಬೇರೆಬೇರೆಯಾಗಿ ತಿಳಿದಿದ್ದರು. ಸಂಕ್ರಾಂತಿಯ ಸಂಜೆ ಮನೆಮನೆಗೆ ಬೀರುವ ಎಳ್ಳಿನ ತಟ್ಟೆಯಲ್ಲಿ ಒಂದೇ ಬಣ್ಣಕ್ಕೆ ಬಂದಿರುವ ಕಡಲೇಬೀಜದ ಬೇಳೆ ಆ ತಿಳಿವಳಿಕೆಯ ಸಾಕ್ಷಿ.